ನಡುವೆ ನಿಂತವಳು ಕೂಗಬೇಕು

ಕಳೆದ ಆಗಸ್ಟಿನಲ್ಲಿ ಘಟ್ಟದ ಕೆಳಗಿನ ಒಂದು ಊರಿಗೆ ಬಾಸ್ಕೆಟ್‌ಬಾಲ್ ಪಂದ್ಯದ ರೆಫರಿಯಾಗಿ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ಬಸ್ಸು ತಿಂಡಿಗೆ ನಿಂತಿತು. ಹೋಟೆಲಿನ ಪಕ್ಕದ ಅಂಗಡಿಯವನು ಖಾಲಿ ಗೋಣಿಚೀಲಗಳನ್ನು ಜಗಲಿಯ ಮೇಲೆ ಒಟ್ಟಿದ್ದ. ಮಳೆಯ ಎರಚಲಿಗೆ ಅರ್ಧ ನೆನೆದ ಗೋಣಿ, ಅದರೊಳಗಿಂದ ಹಳೆಯ ಕಾಫಿಬೀಜದ ಘಾಟು. ಕೈಯಲ್ಲಿದ್ದ ಲೋಟವನ್ನು ಹಾಗೇ ಇಟ್ಟು ಬಸ್ಸು ಹತ್ತಿ ಕುಳಿತೆ. ಆ ವಾಸನೆ ನನಗೆ ಆಗುವುದಿಲ್ಲ. ಮಲೆನಾಡಿನ ಮಳೆಗಾಲ ಎಂದರೆ ಜನ ಕಣ್ಣರಳಿಸುತ್ತಾರೆ. ನಾನು ಅಲ್ಲಿ ಕಳೆದದ್ದು ಒಂದೇ ಮಳೆಗಾಲ, ಅದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಕಡೂರು ಸೀಮೆಯವಳು, ಬಯಲಿನಲ್ಲಿ ಬೆಳೆದವಳು. ಬಾಳೂರಿನಿಂದಾಚೆಗಿನ ಒಂದು ಹೈಸ್ಕೂಲಿಗೆ ಪಿ.ಟಿ. ಟೀಚರಾಗಿ ಹೋದದ್ದು ಜೂನ್ ಮೊದಲ ವಾರ, ಒಂದು ವರ್ಷದ ಮಟ್ಟಿಗೆ. ಶಾಲೆಯನ್ನು ನಡೆಸುತ್ತಿದ್ದದ್ದು ಒಂದು ಕಮಿಟಿ. ಅದರ ಅಧ್ಯಕ್ಷರು ಸುಧೀರ್ ಎಂಬ ಕಾಫಿ ಪ್ಲಾಂಟರ್. ಕಾಲೇಜಿನಲ್ಲಿದ್ದಾಗ ಬಾಸ್ಕೆಟ್‌ಬಾಲ್ ಆಡಿದವರು, ಐವತ್ತು ದಾಟಿದರೂ ನಡಿಗೆಯಲ್ಲಿ ಅದು ಕಾಣುತ್ತಿತ್ತು. ಮಗಳು ಪ್ರಣತಿಯನ್ನು ದೊಡ್ಡ ಊರಿನ ಕಾನ್ವೆಂಟಿಗೆ ಕಳಿಸದೆ ಇದೇ ಶಾಲೆಯಲ್ಲಿ ಓದಿಸುತ್ತಿದ್ದರು, ಅದನ್ನು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಪ್ರಣತಿ ಹತ್ತನೆಯ ತರಗತಿ, ಉಳಿದವರಿಗಿಂತ ಒಂದು ಗೇಣು ಎತ್ತರ. ಶಾಲೆಯ ತಂಡ ಎಂದರೆ ಅವಳು. ಉಳಿದ ನಾಲ್ವರು ಇದ್ದದ್ದು ಅವಳಿಗೆ ಬಾಲ್ ಕೊಡುವುದಕ್ಕೆ.

ಮಳೆಗಾಲದಲ್ಲಿ ಶಾಲೆಯ ಅಂಗಳ ಪಾಚಿಗಟ್ಟಿ ಕಾಲಿಟ್ಟರೆ ಜಾರುತ್ತಿತ್ತು. ಹಾಗಾಗಿ ಅಭ್ಯಾಸ ನಡೆಯುತ್ತಿದ್ದದ್ದು ಸುಧೀರ್ ಅವರ ತೋಟದ ಕಣದಲ್ಲಿ. ಕಾಫಿ ಒಣಗಿಸುವ ಅಗಲವಾದ ಸಿಮೆಂಟಿನ ಕಣ, ಮೇಲೆ ಶೀಟು, ಒಂದು ತುದಿಯಲ್ಲಿ ಮಗಳಿಗಾಗಿ ನಿಲ್ಲಿಸಿದ ಬೋರ್ಡು ಮತ್ತು ರಿಂಗು. ಪಕ್ಕದಲ್ಲೇ ಗೋದಾಮು, ಗೋಣಿಯ ವಾಸನೆ ಅಲ್ಲಿಂದ ಬರುತ್ತಿತ್ತು. ಶೀಟಿನ ಮೇಲೆ ಮಳೆ ಜೋರಾದರೆ ನನ್ನ ವಿಸಲ್ ನನಗೇ ಕೇಳುತ್ತಿರಲಿಲ್ಲ.

ಮೊದಲ ವಾರ ಸುಮ್ಮನೆ ನೋಡಿದೆ. ಪ್ರತಿಯೊಬ್ಬಳೂ ಎದುರು ತಂಡದ ಒಬ್ಬೊಬ್ಬಳನ್ನು ಹಿಡಿದುಕೊಂಡು ಅವಳ ಬೆನ್ನಟ್ಟುವ ಆಟ, ಮ್ಯಾನ್ ಟು ಮ್ಯಾನ್. ತಂಡದಲ್ಲಿ ಮೂವರು ತೋಟದ ಆಳುಗಳಿರುವ ಲೈನ್ ಮನೆಗಳ ಹುಡುಗಿಯರು, ದಿನಾ ನಾಲ್ಕು ಕಿಲೋಮೀಟರ್ ಏರುದಾರಿ ನಡೆದು ಶಾಲೆಗೆ ಬರುವವರು. ಹತ್ತು ನಿಮಿಷ ಬೆನ್ನಟ್ಟುವಷ್ಟರಲ್ಲಿ ಬಾಯಲ್ಲಿ ಉಸಿರಾಡುತ್ತಿದ್ದರು. ಎದುರಾಳಿಗಳು ಹೊರಗೆ ಓಡಿದರೆ ಇವರೂ ಹೊರಗೆ, ರಿಂಗಿನ ಕೆಳಗೆ ಬಯಲೋ ಬಯಲು.

ನಾನು ಝೋನ್ ಕಲಿಸಲು ನಿರ್ಧರಿಸಿದೆ. ಝೋನ್‌ನಲ್ಲಿ ಆಳನ್ನು ಕಾಯುವುದಿಲ್ಲ, ಜಾಗ ಕಾಯುತ್ತೇವೆ. ಮುಂದೆ ಇಬ್ಬರು, ಹಿಂದೆ ರಿಂಗಿನ ಬಳಿ ಮೂವರು. ಬಾಲ್ ಎಡಕ್ಕೆ ಹೋದರೆ ಐವರೂ ಒಟ್ಟಿಗೆ ಎಡಕ್ಕೆ ಸರಿಯಬೇಕು, ಮೂಲೆಗೆ ಹೋದರೆ ಒಬ್ಬಳು ಮೂಲೆಗೆ ಏರಬೇಕು, ಅವಳು ಬಿಟ್ಟ ಜಾಗವನ್ನು ಪಕ್ಕದವಳು ತುಂಬಬೇಕು. ತಾಲ್ಲೂಕು ಮಟ್ಟದಲ್ಲಿ ದೂರದಿಂದ ಬಾಸ್ಕೆಟ್ ಹಾಕುವ ಹುಡುಗಿಯರು ಕಡಿಮೆ. ಒಳಗೆ ಬಿಡದಿದ್ದರೆ ಅರ್ಧ ಗೆದ್ದ ಹಾಗೆ.

ಸುಧೀರ್ ಅವರಿಗೆ ವಿಷಯ ಅವತ್ತೇ ಮುಟ್ಟಿತು. ಛತ್ರಿ ಹಿಡಿದು ಕಣಕ್ಕೆ ಬಂದರು.

"ಜಾಗ ಕಾಯೋದು ವಾಚ್‌ಮನ್ ಕೆಲಸ ಮೇಡಂ. ಆಟಗಾರ ಆಳನ್ನ ಕಾಯ್ಬೇಕು. ಈ ವಯಸ್ಸಲ್ಲಿ ಝೋನ್ ಕಲಿಸಿದ್ರೆ ಮಕ್ಕಳು ಸೋಮಾರಿಗಳಾಗ್ತಾರೆ."

"ಇವರು ಸೋಮಾರಿಗಳಲ್ಲ ಸರ್, ಸುಸ್ತಾಗಿದ್ದಾರೆ. ನಡೆದು ಬರ್ತಾರೆ."

"ನನ್ನ ಮಗಳಿಗೆ ಸುಸ್ತಿಲ್ಲವಲ್ಲ."

"ಇರಲ್ಲ ಸರ್. ಅವಳು ಜೀಪಲ್ಲಿ ಬರ್ತಾಳೆ."

ಆ ಮಾತು ಬೇಕಿರಲಿಲ್ಲ ಎಂದು ಆಗಲೇ ಅನ್ನಿಸಿತು. ಆದರೂ ವಾಪಸು ತೆಗೆದುಕೊಳ್ಳಲಿಲ್ಲ. ಅವರು ಛತ್ರಿ ಬಿಚ್ಚಿ ಹೊರಟರು.

ಝೋನ್‌ನಲ್ಲಿ ಹಿಂದಿನ ಸಾಲಿನ ನಡುವೆ ನಿಲ್ಲುವವಳೇ ಮುಖ್ಯ. ಉಳಿದ ನಾಲ್ವರಿಗೆ ಬೆನ್ನ ಹಿಂದೆ ನಡೆಯುವುದು ಕಾಣುವುದಿಲ್ಲ, ಅವಳಿಗೊಬ್ಬಳಿಗೆ ಎಲ್ಲವೂ ಕಾಣುತ್ತದೆ. ಆದ್ದರಿಂದ ಅವಳು ಕೂಗಿ ಹೇಳಬೇಕು, ಉಳಿದವರು ಮರುಮಾತಿಲ್ಲದೆ ಕೇಳಬೇಕು. ಎತ್ತರದ ಲೆಕ್ಕದಲ್ಲಿ ಅದು ಪ್ರಣತಿಯ ಜಾಗ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನು ಅಲ್ಲಿ ನಿಲ್ಲಿಸಿದ್ದು ಸವಿತಳನ್ನು. ಒಂಬತ್ತನೆಯ ತರಗತಿ, ಎತ್ತರದಲ್ಲಿ ಪ್ರಣತಿಯ ನಂತರದವಳು, ಮಾತು ಕಡಿಮೆ. ಆದರೆ ಎದುರಿನವಳ ಕೈಯಿಂದ ಬಾಲ್ ಹೊರಡುವ ಮೊದಲೇ ಅದು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿರುತ್ತಿತ್ತು. ಅದು ಕಲಿಸಿ ಬರುವಂಥದ್ದಲ್ಲ. ಪ್ರಣತಿಯನ್ನು ಅವಳ ಬಲಕ್ಕೆ ನಿಲ್ಲಿಸಿದೆ.

ಸವಿತಳ ಅಪ್ಪ ಶೇಖರ ಸುಧೀರ್ ಅವರ ಜೀಪು ಓಡಿಸುತ್ತಿದ್ದ. ಅಮ್ಮ ಗಿರಿಜಾ ಅದೇ ತೋಟದಲ್ಲಿ ಆಳಿನ ಕೆಲಸ. ಮನೆ ಅದೇ ತೋಟದ ಲೈನಿನಲ್ಲಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ನಿಲ್ಲಿಸಿದೆ.

ಮೊದಲ ದಿನ ಬಾಲ್ ಬಲಮೂಲೆಗೆ ಹೋಯಿತು. ಸವಿತ ಮೆಲ್ಲಗೆ ಹೇಳಿದಳು, "ಅಕ್ಕಾವ್ರೇ, ಸ್ವಲ್ಪ ಆ ಕಡೆ ಹೋಗ್ತೀರಾ."

ಅಷ್ಟರಲ್ಲಿ ಬಾಲ್ ರಿಂಗಿನೊಳಗೆ ಬಿದ್ದಿತ್ತು.

"ಸವಿತ, ನೀನು ಅಷ್ಟು ಹೇಳೋ ಹೊತ್ತಿಗೆ ಎರಡು ಪಾಯಿಂಟ್ ಹೋಯ್ತು," ಎಂದೆ. "ಇಲ್ಲಿ ಅಕ್ಕಾವ್ರೂ ಇಲ್ಲ, ಹೋಗ್ತೀರಾನೂ ಇಲ್ಲ. 'ಪ್ರಣತಿ, ಮೂಲೆ.' ಎರಡೇ ಮಾತು. ಕೂಗಿ ಹೇಳು."

ಅವಳು ನೆಲ ನೋಡಿದಳು. ಉಳಿದವರೆಲ್ಲ ಪ್ರಣತಿಯನ್ನು ನೋಡಿದರು. ಪ್ರಣತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅವಳು ನನಗೆ ಹೇಳೋದಾ ಮಿಸ್?"

"ನಡುವೆ ನಿಂತವಳು ಎಲ್ಲರಿಗೂ ಹೇಳ್ತಾಳೆ."

"ಹಂಗಾದ್ರೆ ನಾನು ನಡುವೆ ನಿಲ್ತೀನಿ."

"ನಿನಗೆ ಬಾಲ್ ಮಾತ್ರ ಕಾಣುತ್ತೆ ಪ್ರಣತಿ. ಅವಳಿಗೆ ಹತ್ತು ಜನ ಕಾಣ್ತಾರೆ."

ಮಾರನೆಯ ದಿನದಿಂದ ಸವಿತ ಬಾಯಿ ತೆರೆದರೆ ಸಾಕು, ಪ್ರಣತಿ ನಿಂತಲ್ಲೇ ನಿಲ್ಲುತ್ತಿದ್ದಳು. ಬಾಲ್ ಕಾಲ ಬಳಿ ಉರುಳಿದರೂ ಬಗ್ಗುತ್ತಿರಲಿಲ್ಲ. ನಾಲ್ಕನೆಯ ದಿನ ಅವಳನ್ನು ಹೊರಗೆ ಕೂರಿಸಿದೆ.

"ನಮ್ಮನೆ ಕಣದಲ್ಲಿ ನನ್ನನ್ನೇ ಹೊರಗೆ ಕೂರಿಸ್ತೀರಲ್ಲ ಮಿಸ್," ಎಂದಳು. ಅತ್ತಿರಲಿಲ್ಲ, ಅಳುವ ಜಾತಿಯವಳೂ ಅಲ್ಲ. ನನ್ನನ್ನು ದಿಟ್ಟಿಸಿ ನೋಡುತ್ತ ಇಡೀ ಒಂದು ಗಂಟೆ ಕುಳಿತಿದ್ದಳು.

ಮರುದಿನ ಕಣದ ಗೇಟಿಗೆ ಬೀಗ ಬಿದ್ದಿತ್ತು. ತೋಟದ ರೈಟರ್, ಅಂದರೆ ಲೆಕ್ಕಪತ್ರ ನೋಡುವವರು, ಗೋದಾಮಿನ ಬಾಗಿಲಲ್ಲೇ ನಿಂತು ಹೇಳಿದರು: "ಗೊಬ್ಬರದ ಲೋಡ್ ಬರ್ತದೆ ಮೇಡಂ, ಕಣದಲ್ಲಿ ಇಳಿಸ್ಬೇಕು." ಎಷ್ಟು ದಿನ ಎಂದು ಕೇಳಿದ್ದಕ್ಕೆ ಮಳೆಯ ಕಡೆ ನೋಡಿದರು. ಇಡೀ ಆ ತಿಂಗಳು ಒಂದು ಚೀಲ ಗೊಬ್ಬರವೂ ಅಲ್ಲಿ ಇಳಿಯಲಿಲ್ಲ.

ಅಲ್ಲಿಂದ ಮುಂದಿನ ಅಭ್ಯಾಸ ಶಾಲೆಯ ವರಾಂಡದಲ್ಲಿ, ರಿಂಗಿಲ್ಲದೆ. ಐವರ ಸೊಂಟಕ್ಕೂ ಒಂದೇ ಹಗ್ಗ ಸುತ್ತಿ, ಒಬ್ಬಳು ಸರಿದರೆ ಐವರೂ ಸರಿಯಬೇಕೆಂದು ಕಲಿಸಿದೆ. ವಿಚಿತ್ರವೆಂದರೆ ಪ್ರಣತಿ ಒಂದು ದಿನವೂ ತಪ್ಪಿಸಲಿಲ್ಲ. ಆಟ ಬಿಟ್ಟಿರುವುದು ಅವಳಿಂದ ಆಗುತ್ತಿರಲಿಲ್ಲ. ಬರುತ್ತಿದ್ದಳು, ಹಗ್ಗ ಎಳೆದತ್ತ ಮಾತ್ರ ಸರಿಯುತ್ತಿದ್ದಳು. ಹೆಡ್‌ಮಾಸ್ಟರು ದಿನಕ್ಕೊಮ್ಮೆ ಬಂದು ಗದ್ದಲ ಜಾಸ್ತಿಯಾಯಿತು ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾನು ಹೋಗಿ ಕುಳಿತರೆ ಮಾತು ನಿಲ್ಲುತ್ತಿತ್ತು. ಟೀ ಬರುವಾಗ ನನ್ನ ಲೋಟ ಮರೆತುಹೋಗುತ್ತಿತ್ತು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಆ ಸೀಮೆಯಲ್ಲಿ ಯಾರೂ ದನಿ ಏರಿಸುವುದಿಲ್ಲ, ಮೆಲ್ಲಗೆ ನಕ್ಕು ಬೀಗ ಹಾಕುತ್ತಾರೆ.

ಜುಲೈ ಕೊನೆಯಲ್ಲಿ ಒಂದು ಮಧ್ಯಾಹ್ನ ಸವಿತಳ ಅಮ್ಮ ಗಿರಿಜಾ ಶಾಲೆಗೆ ಬಂದರು. ತಲೆಗೆ ಕಟ್ಟಿದ ಪ್ಲಾಸ್ಟಿಕ್ ತೆಗೆಯಲೂ ಇಲ್ಲ, ವರಾಂಡದ ಮೆಟ್ಟಿಲ ಮೇಲೆ ನಿಂತೇ ಮಾತಾಡಿದರು.

"ಮಿಸ್, ನಮ್ಮ ಹುಡುಗೀನ ಆಟದಿಂದ ಬಿಡಿಸಿ."

"ಯಾಕೆ, ಏನಾಯ್ತು?"

"ಇವ್ರನ್ನ ಜೀಪಿಂದ ಇಳಿಸಿದ್ರು. ಈಗ ಔಷಧಿ ಹೊಡೆಯೋ ಗುಂಪಿಗೆ ಹಾಕಿದಾರೆ. ಮಳೆ ಬಿಟ್ಟ ಗಳಿಗೇಲಿ ಪೈಪ್ ಹೊತ್ಕೊಂಡು ಗುಡ್ಡ ಹತ್ಬೇಕು. ಕೈಯೆಲ್ಲ ಮೈಲುತುತ್ತದ ನೀಲಿ. ಎಂತಕ್ಕೆ ಅಂತ ಯಾರೂ ಹೇಳಿಲ್ಲ. ಹೇಳೋದೂ ಬೇಡ, ನಮಗೆ ಗೊತ್ತಾಗಲ್ವಾ."

"ಗಿರಿಜಾ ಅವ್ರೇ, ಅದು ಆಟದಲ್ಲಿ ಹೆಸರು ಹಿಡಿದು ಕರೆಯೋದು ಅಷ್ಟೇ."

"ನಿಮಗೆ ಆಟ. ನೀವು ವರ್ಷ ಮುಗಿದ್ರೆ ಬಸ್ ಹತ್ತಿ ಹೋಗ್ತೀರಿ. ನಾವು ಆ ಲೈನಲ್ಲೇ ಇರ್ಬೇಕಲ್ಲ."

ಅವರ ಮಾತು ಸರಿಯಾಗಿತ್ತು. ಅವತ್ತೇ ಸವಿತಳನ್ನು ಬೇರೆ ಜಾಗಕ್ಕೆ ಹಾಕಿ ಪ್ರಣತಿಯನ್ನು ನಡುವೆ ತಂದಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಸವಿತಳ ಪರವಾಗಿ ನಿಂತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ನನ್ನ ಲೋಟ ಮರೆಯುವವರ ಮುಂದೆ, ಆ ಬೀಗದ ಮುಂದೆ, ನಾನು ಗೆಲ್ಲಬೇಕಿತ್ತು.

ಸಂಜೆ ಸವಿತಳನ್ನೇ ಕೇಳಿದೆ. ಅವಳು ಹೇಳಿದಳು, "ಆಡ್ತೀನಿ ಮಿಸ್. ಆದ್ರೆ ಅವರ ಹೆಸರು ಹಿಡಿಯಲ್ಲ. ಬನಿಯನ್ ನಂಬರ್ ಕರೀತೀನಿ. ಎಲ್ಲರದ್ದೂ."

ಪ್ರಣತಿಯ ನಂಬರು ಏಳು. ಮಾರನೆಯ ದಿನ ವರಾಂಡದಲ್ಲಿ ಮೊದಲ ಸಲ ಸವಿತಳ ದನಿ ಗೋಡೆಗೆ ಬಡಿಯಿತು. "ನಾಲ್ಕು, ಮುಂದೆ. ಏಳು, ಮೂಲೆ." ಒಂದು ಹುಡುಗಿ ಕಿಸಕ್ಕೆಂದಳು. ಪ್ರಣತಿಯ ಮುಖ ಕೆಂಪಾಯಿತು.

"ಏಳು ಅಂತೆ. ನನ್ನನ್ನೇನು ನಿದ್ದೆಯಿಂದ ಎಬ್ಬಿಸ್ತಿದಾಳಾ?"

ಎಲ್ಲರೂ ನಕ್ಕರು, ಸವಿತಳೂ ನಕ್ಕಳು. ಪ್ರಣತಿ ನಗಲಿಲ್ಲ, ಆದರೆ ಮೂಲೆಗೆ ಸರಿದಳು.

ಮೂಡಿಗೆರೆಯ ತಾಲ್ಲೂಕು ಪಂದ್ಯದಲ್ಲಿ ಮೂರು ಆಟ, ಮೂರೂ ಗೆದ್ದೆವು. ಎದುರಿನವರು ಬಾಲ್ ಹಿಡಿದು ಒಳಗೆ ನುಗ್ಗಿದಲ್ಲೆಲ್ಲ ನಮ್ಮ ಹುಡುಗಿಯರ ಎರಡೆರಡು ಜೊತೆ ಕೈ. ಹೊರಗಿನಿಂದ ಎಸೆದದ್ದು ರಿಂಗಿಗೂ ತಾಗುತ್ತಿರಲಿಲ್ಲ. ತಡೆದ ಬಾಲನ್ನು ಸವಿತ ಉದ್ದಕ್ಕೆ ಎಸೆಯುವಳು, ಪ್ರಣತಿ ಓಡಿ ಬಾಸ್ಕೆಟ್ ಹಾಕುವಳು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಾಗೆಯೂ ಗೆಲ್ಲಬಹುದು ಎಂದು ನನಗೆ ಅವತ್ತು ಗೊತ್ತಾಯಿತು.

ಗೆದ್ದ ಮೇಲೆ ತಂಡ ಮತ್ತೆ ಸುಧೀರ್ ಅವರದ್ದಾಯಿತು. ಚಿಕ್ಕಮಗಳೂರಿನ ಜಿಲ್ಲಾ ಪಂದ್ಯಕ್ಕೆ ತಮ್ಮ ಜೀಪನ್ನೇ ಕೊಟ್ಟರು, ಇನ್ನೊಂದು ಕಾರಿನಲ್ಲಿ ತಾವೂ ಬಂದರು. ಜೀಪಿಗೆ ಹೊಸ ಡ್ರೈವರ್. ಸವಿತ ಹಿಂದಿನ ಸೀಟಿನಲ್ಲಿ, ಅವನ ಕುತ್ತಿಗೆಯನ್ನೇ ನೋಡುತ್ತ ಕುಳಿತಿದ್ದಳು.

ಸೆಮಿಫೈನಲಿನಲ್ಲಿ ಎದುರಿಗೆ ಬಂದದ್ದು ಪಟ್ಟಣದ ತಂಡ. ಅವರ ಕೋಚಿಗೆ ಝೋನ್ ಒಡೆಯುವುದು ಗೊತ್ತಿತ್ತು. ಫ್ರೀ ಥ್ರೋ ಗೆರೆಯ ಬಳಿ, ನಮ್ಮ ಮುಂದಿನ ಇಬ್ಬರಿಗೂ ಹಿಂದಿನ ಮೂವರಿಗೂ ನಡುವಿನ ಖಾಲಿ ಜಾಗದಲ್ಲಿ, ಒಬ್ಬಳು ಚುರುಕಾದ ಹುಡುಗಿಯನ್ನು ನಿಲ್ಲಿಸಿದರು. ಬಾಲ್ ಅವಳಿಗೆ ಸಿಕ್ಕಿದೊಡನೆ ಎತ್ತ ಬೇಕಾದರೂ ತಿರುಗುತ್ತಿದ್ದಳು. ಸವಿತ ಒಂದು ಹೆಜ್ಜೆ ಮುಂದೆ ಬಂದು, ಹಿಂದಿನ ಇಬ್ಬರನ್ನೂ ಒಳಕ್ಕೆ ಕರೆದು, ಹೇಗೋ ಸಂಭಾಳಿಸುತ್ತಿದ್ದಳು. ಅರ್ಧ ಆಟದವರೆಗೆ ಸಮ.

ಆಮೇಲೆ ಗೆರೆಯಾಚೆಯಿಂದ ಸುಧೀರ್ ಅವರ ದನಿ ಕೇಳಿಸಿತು.

"ಪ್ರಣತಿ, ಅವಳನ್ನ ಹಿಡಿ. ಬಿಡ್ಬೇಡ ಅವಳನ್ನ."

ಪ್ರಣತಿ ತನ್ನ ಜಾಗ ಬಿಟ್ಟು ಆ ಹುಡುಗಿಯ ಬೆನ್ನು ಹತ್ತಿದಳು. "ಏಳು, ಹಿಂದೆ," ಎಂದು ಸವಿತ ಕೂಗಿದಳು. ಕೇಳಲಿಲ್ಲ. ಬಲಗಡೆ ಬಯಲು. ಒಂದಾದ ಮೇಲೊಂದು ಮೂರು ಬಾಸ್ಕೆಟ್. ನಾನು ಟೈಮ್‌ಔಟ್ ಕೇಳಿ ಪ್ರಣತಿಯನ್ನು ಹೊರಗೆ ತೆಗೆದೆ.

ಸುಧೀರ್ ಅವರು ಬೆಂಚಿನವರೆಗೆ ಬಂದರು. "ಅವಳನ್ನ ಒಳಗೆ ಕಳಿಸಿ ಮೇಡಂ."

"ನೀವು ಇಲ್ಲಿ ಬರೋ ಹಾಗಿಲ್ಲ ಸರ್."

"ಆ ಜೀಪ್ ನಂದು. ಆ ಬನಿಯನ್ ನಾನು ಹೊಲಿಸಿದ್ದು."

"ಟೀಮ್ ನಂದು. ನಾಳೆ ಬೇಕಾದ್ರೆ ತಗೊಳ್ಳಿ, ಇವತ್ತು ನಂದು."

ಅವರು ನನ್ನನ್ನು ನೋಡಿದ ನೋಟ ನೆನಪಿದೆ. ಅದರಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು.

ಪ್ರಣತಿಯ ಬದಲು ಹೋದವಳು ಪುಟ್ಟ ಹುಡುಗಿ, ಆದರೆ ಹೇಳಿದಲ್ಲಿ ನಿಂತಳು. ಅವರ ಬಾಸ್ಕೆಟ್‌ಗಳು ನಿಂತವು. ನಮ್ಮವೂ ನಿಂತವು. ಹಾಕುವವಳೇ ಬೆಂಚಿನಲ್ಲಿದ್ದಳಲ್ಲ. ನಾಲ್ಕು ನಿಮಿಷ ಉಳಿದಾಗ ಮತ್ತೆ ಟೈಮ್‌ಔಟ್ ಕೇಳಿದೆ. ಪ್ರಣತಿಯನ್ನು ಕರೆಯಲು ನನಗೆ ಬಾಯಿ ಬರಲಿಲ್ಲ. ಹಟ ಅವಳದ್ದೆಷ್ಟೋ ನನ್ನದೂ ಅಷ್ಟೇ.

ಸವಿತ ನೀರು ಕುಡಿದು ಬಾಯಿ ಒರೆಸಿಕೊಂಡಳು. ನನ್ನನ್ನು ಕೇಳಲೇ ಇಲ್ಲ. ಬೆಂಚಿನ ಮುಂದೆ ಹೋಗಿ ನಿಂತಳು.

"ಪ್ರಣತಿ, ಬಾ. ಬಲಗಡೆ ನಿಂದೇ ಜಾಗ. ನಾನು ಕರೆದಾಗ ಬಂದ್ರೆ ಸಾಕು, ಆಮೇಲೆ ನನ್ನ ಹತ್ರ ಮಾತಾಡ್ಬೇಡ."

ಪ್ರಣತಿ ಅಪ್ಪ ನಿಂತಿದ್ದ ಕಡೆ ಒಮ್ಮೆ ನೋಡಿದಳು. ಷೂ ಲೇಸು ಬಿಗಿದು ಎದ್ದಳು.

ಆ ನಾಲ್ಕು ನಿಮಿಷದಂಥ ಝೋನನ್ನು ನಾನು ಮತ್ತೆ ಯಾವ ತಂಡಕ್ಕೂ ಕಲಿಸಲಾಗಿಲ್ಲ. ಸುಧೀರ್ ಅವರು ಕೂಗುತ್ತಲೇ ಇದ್ದರು, ಪ್ರಣತಿ ತಲೆಯೆತ್ತಲಿಲ್ಲ. ಸವಿತ ಎಡ ಎಂದರೆ ಎಡ, ಮೂಲೆ ಎಂದರೆ ಮೂಲೆ. ತಡೆದದ್ದನ್ನು ಓಡಿಸಿಕೊಂಡು ಹೋಗಿ ಪ್ರಣತಿ ಮೂರು ಬಾಸ್ಕೆಟ್ ಹಾಕಿದಳು, ಜೊತೆಗೆ ಒಂದು ಫ್ರೀ ಥ್ರೋ, ನಾವು ಒಂದು ಪಾಯಿಂಟ್ ಮುಂದಾದೆವು. ಕೊನೆಯ ಗಳಿಗೆಯಲ್ಲಿ ಅವರಿಗೆ ಒಳಗೆ ದಾರಿ ಸಿಗಲಿಲ್ಲ. ಬಾಲ್ ಬಲಮೂಲೆಗೆ ಹೋಯಿತು. ಸವಿತ ಕೂಗಿದಳು, ಪ್ರಣತಿ ಸಮಯಕ್ಕೆ ಸರಿಯಾಗಿ ತಲುಪಿ ಕೈ ಎತ್ತಿದಳು. ಮೂಲೆಯಲ್ಲಿದ್ದ ಪಟ್ಟಣದ ಹುಡುಗಿ ದೂರದಿಂದ, ಎತ್ತಿದ ಕೈಯ ಮೇಲಿಂದ ಎಸೆದಳು. ಬಾಲ್ ರಿಂಗಿನ ಅಂಚನ್ನೂ ಮುಟ್ಟದೆ ಒಳಗೆ ಬಿತ್ತು.

ತಪ್ಪು ಯಾರದ್ದೂ ಇರಲಿಲ್ಲ. ಒಳಗನ್ನು ಮುಚ್ಚಿದರೆ ಹೊರಗನ್ನು ಬಿಟ್ಟುಕೊಡಬೇಕು, ಝೋನ್ ಇರುವುದೇ ಹಾಗೆ.

ಸುಧೀರ್ ಅವರು ನನ್ನ ಹತ್ತಿರ ಬಂದು ಮೆಲುದನಿಯಲ್ಲಿ ಹೇಳಿದರು: "ಕಂಡ್ರಾ ಮೇಡಂ. ಮೊದಲಿಂದ ಆಳನ್ನ ಕಾದಿದ್ರೆ ಆ ಹುಡುಗಿ ಅಷ್ಟು ನಿರಾಳವಾಗಿ ಎಸೀತಿರ್ಲಿಲ್ಲ." ಅದರಲ್ಲಿ ಅರ್ಧ ಸತ್ಯವಿತ್ತು, ನನ್ನನ್ನು ಹೆಚ್ಚು ಉರಿಸಿದ್ದು ಆ ಅರ್ಧವೇ. ಈಗಿನ ಶಾಲೆಯಲ್ಲಿ ನಾನು ಮೊದಲು ಆಳನ್ನು ಕಾಯುವುದನ್ನೇ ಕಲಿಸುತ್ತೇನೆ, ಜಾಗ ಕಾಯುವುದು ಆಮೇಲೆ. ಅವರಿಗೆ ಇದು ತಿಳಿಯುವುದು ಬೇಡ.

ಮಗಳನ್ನು ಕಾರಿಗೆ ಹತ್ತಿಸಿಕೊಂಡರು. ಪ್ರಣತಿ ತಿರುಗಿ ನೋಡಲಿಲ್ಲ. ಜೀಪು ಬೇರೆ ಕೆಲಸಕ್ಕೆ ಬೇಕಂತೆ ಎಂದು ಹೊಸ ಡ್ರೈವರ್ ಹೇಳಿಹೋದ. ನಾನೂ ಉಳಿದ ಹುಡುಗಿಯರೂ ಎರಡು ಬಸ್ಸು ಬದಲಿಸಿ ಊರು ಸೇರಿದೆವು.

ದಸರಾ ರಜೆಗೆ ಮೊದಲು ಹೆಡ್‌ಮಾಸ್ಟರು ನನ್ನ ಕೈಗೆ ಕಮಿಟಿಯ ಪತ್ರ ಕೊಟ್ಟರು. ರಜೆಯ ನಂತರ ನಾನು ಬೇಕಾಗಿಲ್ಲ. "ನಾನು ಎಂತ ಮಾಡ್ಲಿ ಹೇಳಿ," ಎಂದರು. ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ ಎನ್ನುವ ಹಾಗಿತ್ತು ಅವರ ಮುಖ. ನಾನು ಮಾಡಲಿಲ್ಲ.

ಹೊರಡುವ ದಿನ ಬಾಳೂರಿನಲ್ಲಿ ಟ್ರಂಕು ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಮಳೆ ಬಿಟ್ಟು ಹೊಳವಾಗಿತ್ತು. ಗಿರಿಜಾ ನನ್ನನ್ನು ಹುಡುಕಿಕೊಂಡೇ ಬಂದರು.

"ಹೊರಟ್ರಾ ಮಿಸ್. ನಾವೂ ಹೊರಟ್ವಿ. ಕಳಸದ ಕಡೆ ಒಂದು ತೋಟದಲ್ಲಿ ಇವ್ರಿಗೆ ಜೀಪಿನ ಕೆಲಸ ಸಿಕ್ತು."

"ಸುಧೀರ್ ಸರ್ ಬಿಡಿಸಿದ್ರಾ?"

"ಇಲ್ಲ. ನಿಮ್ಮ ಸವಿತ ಬಿಡಿಸಿದ್ಲು." ಆ 'ನಿಮ್ಮ' ಎಂಬುದನ್ನು ಒತ್ತಿ ಹೇಳಿದರು. "ಹೋದ ವಾರ ಬೆಳಗ್ಗೆ ಹಾಜರಿ ಕರೆಯೋ ಹೊತ್ತಿಗೆ ಬಂದು ನಿಂತ್ಲು. ಸಾವ್ಕಾರ್ರನ್ನೇ ಕೇಳಿದ್ಲು, ನಮ್ಮಪ್ಪನ್ನ ಜೀಪಿಂದ ಎಂತಕ್ಕೆ ಇಳಿಸಿದ್ರಿ ಅಂತ. ಅಷ್ಟು ಆಳುಗಳ ಎದುರಿಗೆ, ಆಟದಲ್ಲಿ ಕೂಗ್ತಾಳಲ್ಲ, ಅದೇ ದನಿ. ಸಾವ್ಕಾರ್ರು ಮೇಸ್ತ್ರಿ ಮುಖ ನೋಡಿದ್ರು, ಮೇಸ್ತ್ರಿ ರೈಟರ್ ಮುಖ ನೋಡಿದ್ರು. ಒಬ್ರೂ ಬಾಯಿ ಬಿಡ್ಲಿಲ್ಲ."

"ಆಮೇಲೆ?"

"ಸಂಜೆ ರೈಟರ್ ಬಂದ್ರು. ನಾಳೆಯಿಂದ ಜೀಪಿಗೆ ಬಾ ಅಂತೆ ಅಂದ್ರು. ಇವ್ರು ಹೋಗ್ಲಿಲ್ಲ. ಮಗಳು ಅಷ್ಟು ಕೇಳಿದ ಮೇಲೆ ಆ ಸ್ಟೇರಿಂಗ್ ಹಿಡಿಯೋಕೆ ಕೈ ಬರಲ್ಲ ಅಂದ್ರು. ಹನ್ನೊಂದು ವರ್ಷ ಇದ್ದ ಮನೆ ಮಿಸ್. ಹಿತ್ತಲಲ್ಲಿ ನಾನು ನೆಟ್ಟಿದ್ದ ಬಸಳೆ ಈಗಷ್ಟೇ ಚಪ್ಪರಕ್ಕೆ ಹಬ್ಬಿತ್ತು."

ಕಳಸದ ಶಾಲೆಯಲ್ಲಿ ನನಗೆ ಗೊತ್ತಿರುವವರು ಇದ್ದಾರೆ, ಸವಿತಳ ಬಗ್ಗೆ ಮಾತಾಡುತ್ತೇನೆ, ಫೋನ್ ನಂಬರ್ ಕೊಡಿ ಎಂದೆ.

"ಬೇಡ ಮಿಸ್."

"ಅವಳು ಆಡ್ಬೇಕು ಗಿರಿಜಾ ಅವ್ರೇ. ಬಿಡಿಸ್ಬೇಡಿ."

"ಆಡ್ತಾಳೆ ಬಿಡಿ, ನಾನು ಬೇಡ ಅಂದ್ರೆ ಕೇಳ್ತಾಳಾ ಈಗ. ಅಲ್ಲಿ ಯಾವ ಜಾಗದಲ್ಲಿ ನಿಲ್ಬೇಕು ಅಂತ ಅವಳೇ ಹೇಳ್ಕೊಳ್ತಾಳೆ. ನೀವು ಮಾತ್ರ ಬರ್ಬೇಡಿ."

ಬಸ್ಸು ಬಂತು. ನಾನು ಬಗ್ಗುವ ಮೊದಲೇ ಗಿರಿಜಾ ನನ್ನ ಟ್ರಂಕನ್ನು ಎತ್ತಿ, ಬಾಗಿಲಿನಿಂದ ಒಳಕ್ಕೆ ಜೋರಾಗಿ ತಳ್ಳಿದರು.